ಕೋನಪ್ಪ ಮೇಷ್ಟ್ರ ವೈರ್‌ಲೆಸ್ ವಿಮಾನ

ಗೌರಿಬಿದನೂರು
2-6-1964

ಚಿ. ಚನ್ನಕೇಶವನಿಗೆ ಹೈಸ್ಕೂಲು ಸೈನ್ಸ್ ಮೇಷ್ಟ್ರು ಕೋನಪ್ಪನ ಆಶೀರ್ವಾದ.

ನಿನ್ನ ವಿಳಾಸ ನಮ್ಮ ಸ್ಕೂಲಲ್ಲಿ ಗಂಟೆ ಹೊಡೆಯೋ ಎರ್ರಪ್ಪ ಕೊಟ್ಟ. ಬೊಂಬಾಯಲ್ಲಿ ರೇಡಿಯೋ ರಿಪೇರಿ ಅಂಗಡೀಲಿ ಇದ್ದೀಯಂತೆ, ಸಂತೋಷ. ನಿಮ್ಮ ಅಂಗಡೀಲಿ ಬ್ಯಾಟ್ರಿ ಮೇಲೆ ಹಾರೋ ಆಟದ ವಿಮಾನ ಮಾಡ್ತೀರಂತೆ, ನೆಲದ ಮೇಲೆ ನಿಂತ್ಕೊಂಡು ವೈರ್‌ಲೆಸ್‌ನಲ್ಲೇ ಅದನ್ನ ತಿರುಗಿಸ್ತೀರಂತೆ. ನವೆಂಬರ್ ಹದಿನಾಲ್ಕಕ್ಕೆ ಚಿಕ್ಕಬಳ್ಳಾಪುರದಲ್ಲಿ ಸುತ್ತಲ ತಾಲ್ಲೂಕುಗಳ ಸ್ಕೂಲೆಲ್ಲಾ ಸೇರಿ ವಿಜ್ಞಾನ ಪ್ರದರ್ಶನ ಇದೆ. ನಮ್ಮ ಸ್ಕೂಲಿಂದ ಅಂಥದ್ದೊಂದು ಹಾರಿಸ್ತೀವಿ ಅಂತ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬ್ರ ಹತ್ರ ಮಾತು ಕೊಟ್ಟುಬಿಟ್ಟಿದ್ದೀನಿ. ಸಾಮಾನು ಕಳಿಸಿ, ಹೆಂಗೆ ಜೋಡಿಸ್ಬೇಕು ಅಂತ ಬರಿ. ಬಿಲ್ಲು ಸ್ಕೂಲು ಕೊಡುತ್ತೆ.

ಹಳೇದೆಲ್ಲಾ ಮನಸ್ಸಲ್ಲಿ ಇಟ್ಕೋಬೇಡ. ಗುರುಗಳು ಹೊಡೆಯೋದು ಒಳ್ಳೇದಕ್ಕೇ.

ಕೋನಪ್ಪ

*

ಬೊಂಬಾಯಿ
12-6-1964

ಮೇಷ್ಟ್ರಿಗೆ ಚನ್ನಕೇಶವನ ನಮಸ್ಕಾರ.

ಕಾಗದ ಬಂತು. ನಾಲ್ಕು ಸಲ ಓದ್ದೆ. ನಿಮ್ಮ ಅಕ್ಷರ ಮರೆತಿಲ್ಲ ಮೇಷ್ಟ್ರೇ. ಅದೇ ಅಕ್ಷರ ನನ್ನ ಟೀಸೀಲಿ ಇದೆ. 'ನಡತೆ' ಅಂತ ಇರೋ ಕಡೆ 'ಕಳ್ಳತನ, ತೃಪ್ತಿಕರವಲ್ಲ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಒಂದು ಗೆರೆ ಸಾಲ್ತಿರ್ಲಿಲ್ವಾ?

ಗುರುಗಳು ಹೊಡೆದಿದ್ದು ಒಳ್ಳೇದಕ್ಕೇ ಅಂದ್ರಲ್ಲ, ಆ ಒಳ್ಳೇದು ಏನು ಅಂತ ಹೇಳ್ತೀನಿ ಕೇಳಿ. ಲ್ಯಾಬಲ್ಲಿ ಆ ಕರೆಂಟ್ ಮೋಟ್ರು ಕಾಣಲಿಲ್ಲ. ನೀವು ಪ್ರೇಯರ್ ಹೊತ್ತಲ್ಲಿ ಮುನ್ನೂರು ಹುಡುಗರ ಮುಂದೆ ನನ್ನ ಕಿವಿ ಹಿಡಿದು ಎಳ್ಕೊಂಡ್ ಬಂದ್ರಿ. "ತೊಂಡೇಬಾವಿಯಿಂದ ರೈಲಲ್ಲಿ ಬರ್ತಾನೆ, ಹೋಗ್ತಾ ಜೇಬು ತುಂಬಿಸ್ಕೊಂಡು ಹೋಗ್ತಾನೆ" ಅಂದ್ರಿ. ಎಲ್ಲಾ ನಕ್ಕರು. ನಮ್ಮಪ್ಪ ಬಯ್ಯಪ್ಪ ಬಂದು ನಿಮ್ಮ ಕಾಲು ಹಿಡಿದ. ಆಮೇಲೆ ಎಂಟು ತಿಂಗಳು ಬದುಕಿದ್ದ. ಆ ಎಂಟು ತಿಂಗಳೂ ಊರವರ ಜೊತೆ ಮಾತಾಡ್ಲಿಲ್ಲ.

ವಿಮಾನದ ಮೆಕ್ಯಾನಿಕ್ ಟ್ರೈನಿಂಗಿಗೆ ಇಲ್ಲಿ ಮೂರು ಸಲ ಅರ್ಜಿ ಹಾಕ್ದೆ. ಪರೀಕ್ಷೇಲಿ ಮೂರು ಸಲಾನೂ ಪಾಸು. ಟೀಸಿ ನೋಡಿ ಮೂರು ಸಲಾನೂ ವಾಪಸ್ ಕಳಿಸಿದ್ರು.

ವಿಮಾನ ಕೊಡ್ತೀನಿ. ನಿಮ್ಮ ಸ್ಕೂಲಿನ ದುಡ್ಡು ಬೇಡ. ಮೂರು ಪಾರ್ಸಲ್ ಮಾಡ್ತೀನಿ: ಮೊದಲು ಮೋಟ್ರು, ಆಮೇಲೆ ಬ್ಯಾಟ್ರಿ, ಕಡೇಗೆ ವೈರ್‌ಲೆಸ್ಸು. ಒಂದೊಂದು ಪಾರ್ಸಲ್‌ಗೂ ನೀವು ಒಂದೊಂದು ಕೆಲಸ ಮಾಡ್ಬೇಕು. ಮೋಟ್ರಿಗೆ ಏನು ಗೊತ್ತಾ? ತೊಂಡೇಬಾವಿಗೆ ಹೋಗಿ. ನಮ್ಮಮ್ಮ ಅಶ್ವತ್ಥಮ್ಮನ ಮನೇಲಿ ನೆಲದ ಮೇಲೆ ಕೂತು ಮುದ್ದೆ ಊಟ ಮಾಡಿ, ಏನಾಯ್ತು ಅಂತ ಬರೀರಿ. ಬರೀ ನೀರು ಕುಡ್ಕೊಂಡು ಎದ್ದು ಬಂದ್ರೆ ಲೆಕ್ಕಕ್ಕಿಲ್ಲ.

ಚನ್ನಕೇಶವ

*

ಗೌರಿಬಿದನೂರು
29-6-1964

ಏನೋ ಅಂದ್ಕೊಂಡಿದ್ದೀಯ ನಿನ್ನನ್ನ ನೀನು? ಬೊಂಬಾಯಿ ನೀರು ಕುಡಿದ ತಕ್ಷಣ ಕೊಂಬು ಬಂತಾ? ಮೂವತ್ತು ವರ್ಷ ಪಾಠ ಹೇಳಿದ್ದೀನಿ, ನಮ್ಮ ಮನೆ ಬಾಗಿಲಿಗೆ ಅಮಲ್ದಾರ್ರು ಬಂದು ನಿಂತ್ಕೋತಾರೆ. ನಿನ್ನ ಮೋಟ್ರು ನೀನೇ ಇಟ್ಕೋ. ಬೆಂಗಳೂರಲ್ಲಿ ಸಿಗುತ್ತೆ.

ಕೋನಪ್ಪ

*

ಗೌರಿಬಿದನೂರು
20-7-1964

ಚನ್ನಕೇಶವ,

ಬೆಂಗಳೂರಲ್ಲಿ ಸಿಗಲಿಲ್ಲ. ನೀನೂ ಕಾಗದ ಬರೀಲಿಲ್ಲ. ಹೋದ ವರ್ಷ ಸ್ಟೀಮ್ ಇಂಜಿನ್ ಮಾಡಿ ಕಪ್ ಹೊಡ್ಕೊಂಡೋನು ಚಿಂತಾಮಣಿ ಸ್ಕೂಲಿನ ಆವಲಪ್ಪ ಮೇಷ್ಟ್ರು. ಬಸ್ ಸ್ಟಾಂಡಲ್ಲಿ ಸಿಕ್ಕಿ "ಏನ್ರೀ, ನಿಮ್ಮ ವಿಮಾನಕ್ಕೆ ಮೊಟ್ಟೆ ಇಟ್ಟಾಯ್ತಾ, ಕಾವು ಕೂರಿಸಿದ್ದೀರಾ?" ಅಂದ. ಮುಂದಿನ ಮಾರ್ಚಿಗೆ ನಾನು ರಿಟೈರು. ಅಷ್ಟರೊಳಗೆ ಹೆಡ್ ಮೇಷ್ಟ್ರು ಮಾಡ್ತಾರೋ ಇಲ್ವೋ ಅನ್ನೋದು ಈ ಪ್ರದರ್ಶನದ ಮೇಲೆ ನಿಂತಿದೆ.

ಭಾನುವಾರ ತೊಂಡೇಬಾವಿಗೆ ಹೋಗಿದ್ದೆ.

ನಿಮ್ಮಮ್ಮ ಹೊಸಲು ಸಾರಿಸ್ತಿದ್ರು. ನನ್ನ ನೋಡಿ ಸಗಣಿ ಕೈಲೇ ಎದ್ದು ನಿಂತ್ರು. "ಏಂ ಸ್ವಾಮಿ, ನಾ ಕೊಡುಕು ಏಮೈನಾ ಚೇಸಿನಾಡಾ?" ಅಂದ್ರು. ಮಗ ಏನಾದ್ರೂ ತಪ್ಪು ಮಾಡಿದ್ನಾ ಅಂತ. ಅದೊಂದೇ ಕೇಳಿದ್ದು. ಇಲ್ಲಮ್ಮ, ಊಟಕ್ಕೆ ಬಂದೆ ಅಂದೆ. ನಂಬಲಿಲ್ಲ. ಪಕ್ಕದ ಮನೆ ಪೆದ್ದಮ್ಮನ್ನ ಕರ್ಕೊಂಡು ಬಂದು ನನ್ನ ತೋರಿಸಿದ್ರು. ಅವಳೂ ನಂಬಲಿಲ್ಲ.

ಮುದ್ದೆ, ಹುರುಳಿ ಸಾರು. ಎರಡು ಮುದ್ದೆ ಹಾಕಿದ್ರು, ಎರಡೂ ತಿಂದೆ. ಹೊರಡೋವಾಗ ನೀನು ಕಳಿಸಿದ್ದ ಕಾಗದಗಳ ಗಂಟು ತಂದು ಮುಂದೆ ಇಟ್ರು. ಅಂಚೆಯೋನು ಅವಸರದಲ್ಲಿ ಅರ್ಧ ಓದಿ ಹೋಗ್ತಾನಂತೆ, ಮಿಕ್ಕಿದ್ದು ಓದಿ ಸ್ವಾಮಿ ಅಂದ್ರು. ಸಾಯಂಕಾಲದ ರೈಲು ತಪ್ಪಿಸಿಕೊಂಡು ಅಷ್ಟೂ ಓದ್ದೆ. ಒಂದರಲ್ಲಿ ನನ್ನ ಬಗ್ಗೆ ಕೆಟ್ಟದಾಗಿ ಬರೆದಿದ್ದೀಯ. ಅದನ್ನೂ ಬಿಡದೆ ಓದ್ದೆ.

ಮೋಟ್ರು ಕಳಿಸು.

ಕೋನಪ್ಪ

*

ಬೊಂಬಾಯಿ
1-8-1964

ಮೇಷ್ಟ್ರಿಗೆ,

ಎರಡು ಮುದ್ದೆ ತಿಂದ್ರಾ! ಒಂದಕ್ಕೇ ಕಣ್ಣಲ್ಲಿ ನೀರು ಬರುತ್ತೆ ಅಂದ್ಕೊಂಡಿದ್ದೆ. ನಾನು ಬಯ್ದು ಬರೆದಿದ್ದನ್ನ ನಿಮ್ಮ ಬಾಯಲ್ಲೇ ಓದಿಸ್ಬೇಕು ಅಂತ ನಾನು ಕೇಳೂ ಇರ್ಲಿಲ್ಲ. ತಾನಾಗೇ ಆಯ್ತು. ಆವತ್ತು ನಾನೂ ಹೋಟ್ಲಲ್ಲಿ ಒಂದು ಪ್ಲೇಟ್ ಜಾಸ್ತಿ ತಿಂದೆ.

ಮೋಟ್ರು ಕಳಿಸಿದ್ದೀನಿ. ಮಿಲಿಟರಿ ಹಳೇ ಸಾಮಾನು ಮಾರೋ ಕಡೆ ಸಿಕ್ಕಿದ್ದು, ನಾನೇ ಬಿಚ್ಚಿ ತಂತಿ ಸುತ್ತಿದ್ದೀನಿ. ಮೂತಿಗೆ ಕೂರಿಸೋವಾಗ ಒಂದು ಕೂದಲೆಳೆಯಷ್ಟು ಕೆಳಕ್ಕೂ ಬಲಕ್ಕೂ ನೋಡೋ ಹಂಗೆ ಕೂರಿಸಿ. ನೆಟ್ಟಗೆ ಕೂರಿಸಿದ್ರೆ ವಿಮಾನ ಮೇಲಕ್ಕೆ ಮೂತಿ ಎತ್ತಿ, ಎಡಕ್ಕೆ ಹೊರಳಿ, ಬೀಳುತ್ತೆ. ಇಲ್ಲಿ ನಾನೇ ಎರಡು ಬೀಳಿಸಿದ್ದೀನಿ.

ಮೈಗೆ ಪರದೇಶದ ಹಗುರ ಮರ ಬೇಕು, ಅದು ನಿಮಗೆ ಸಿಗಲ್ಲ. ಬಾಸಿಂಗ ಕಟ್ಟೋರ ಹತ್ರ ಬೆಂಡು ಇರುತ್ತಲ್ಲ, ಚಿಂತಾಮಣೀಲಿ ಕೇಳಿ. ರೆಕ್ಕೆಗೆ ಬಿದಿರು ಸೀಳಿ, ಚಾಕು ಬೇಡ, ಗಾಜಿನ ಚೂರಲ್ಲಿ ಹೆರೀರಿ. ಮೇಲೆ ಹೊದಿಸೋಕೆ ಶಿಡ್ಲಘಟ್ಟದ ತೆಳೂ ರೇಷ್ಮೆ ಬಟ್ಟೆ. ಒದ್ದೆ ಮಾಡಿ ಎಳೆದು ಅಂಟಿಸಿ, ಒಣಗಿದ್ರೆ ತಮಟೆ ಥರ ಬಿಗಿಯುತ್ತೆ. ಗಂಜಿ ಹಾಕ್ಬೇಡಿ, ಭಾರ. ರೆಕ್ಕೆ ತುದಿಯಿಂದ ತುದಿಗೆ ನಾಲ್ಕೂವರೆ ಅಡಿ. ಎಲ್ಲಾ ಆದ್ಮೇಲೆ ರೆಕ್ಕೆ ಕೆಳಗೆ ಎರಡು ಬೆರಳಿಟ್ಟು ಎತ್ತಿದ್ರೆ ಅಲ್ಲಾಡದೆ ನಿಲ್ಬೇಕು. ಮೂತಿ ಭಾರ ಆದ್ರೂ ಕಷ್ಟ, ಬಾಲ ಭಾರ ಆದ್ರೂ ಕಷ್ಟ.

ಈಗ ಬ್ಯಾಟ್ರಿಗೆ ನಾನು ಕೇಳೋದು. ಆ ಲ್ಯಾಬಿನ ಮೋಟ್ರು ತಗೊಂಡಿದ್ದು ಯಾರು? ನಾನಲ್ಲ ಅಂತ ನಿಮಗೆ ಆವತ್ತೇ ಗೊತ್ತಿತ್ತು. ನಿಮ್ಮ ಕಣ್ಣು ಹಂಗೇ ಹೇಳ್ತು. ಹೆಸರು ಬರೀರಿ.

ಚನ್ನಕೇಶವ

*

ಗೌರಿಬಿದನೂರು
23-8-1964

ಚನ್ನಕೇಶವ,

ಬೆಂಡು ಸಿಕ್ತು. ಚಿಂತಾಮಣೀಲಿ ಬಾಸಿಂಗ ಮಾಡೋಳು ಮುನಿಶಾಮಮ್ಮ, "ಇಷ್ಟೊಂದು ಬೆಂಡಾ, ಯಾವ ಊರಲ್ಲಿ ಸ್ವಾಮಿ ಇಷ್ಟು ಮದುವೆ?" ಅಂದ್ಲು. ಮದುವೆ ಅಲ್ಲಮ್ಮ, ವಿಮಾನಕ್ಕೆ ಅಂದೆ. ಕುಡಿದಿದ್ದಾನೆ ಅಂದ್ಕೊಂಡು ಎರಡು ಹೆಚ್ಚಿಗೆ ಕೊಟ್ಲು. ಶಿಡ್ಲಘಟ್ಟದ ರೇಷ್ಮೆ ಹೊದಿಸಿದ್ದೀನಿ. ನೀನು ಹೇಳ್ದಂಗೇ ತಮಟೆ. ಬೆರಳಲ್ಲಿ ಮೀಟಿ ಕೂತಿರ್ತೀನಿ. ನಮ್ಮ ಮನೆಯೋಳು ಲಕ್ಷ್ಮೀನರಸಮ್ಮ "ಈ ವಯಸ್ಸಲ್ಲಿ ತೊಟ್ಟಿಲು ತೂಗ್ತಾ ಕೂತಿದ್ದೀರಲ್ಲ" ಅಂತಾಳೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯೋಕೆ ಮೂರು ಇನ್‌ಲ್ಯಾಂಡ್ ಹರಿದೆ. ಇದು ನಾಲ್ಕನೇದು.

ನಾನೇ ಕಣಯ್ಯ.

ಆ ಮೋಟ್ರಿಗೊಂದು ಫ್ಯಾನಿನ ರೆಕ್ಕೆ ಹಾಕಿ, ಬೆಂಡಿನ ಮೇಲೆ ಕೂರಿಸಿ, ಹಾರುತ್ತಾ ನೋಡಣ ಅಂತ ಮನೆಗೆ ತಂದಿದ್ದೆ. ಚಿಕ್ಕಂದಿನಿಂದ ಒಂದು ಹುಚ್ಚು ಅದು, ಯಾರಿಗೂ ಹೇಳಿಲ್ಲ. ಸುಟ್ಟುಹೋಯ್ತು. ಮಾರನೇ ದಿನವೇ ಸಾಮಾನು ತಪಾಸಣೆಗೆ ಬಂದ್ರು. ಹಿಂದಿನ ದಿನ ಲ್ಯಾಬಲ್ಲಿ ಕಡೇಗೆ ಇದ್ದೋನು ಯಾರು ಅಂದ್ರು. ನೀನಿದ್ದೆ. ಬಾಯಿಗೆ ನಿನ್ನ ಹೆಸರು ಬಂತು. ಬಂದ ಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ.

ನಿಮ್ಮಪ್ಪ ಕಾಲು ಹಿಡಿದಾಗ ಹೇಳ್ಬೇಕಿತ್ತು.

ಕೋನಪ್ಪ

*

ಬೊಂಬಾಯಿ
3-9-1964

ಮೇಷ್ಟ್ರೇ,

ಯಾವನೋ ದೊಡ್ಡೋರ ಮಗನ್ನ ಕಾಪಾಡೋಕೆ ನನ್ನ ಬಲಿ ಕೊಟ್ಟಿದ್ದೀರಿ ಅಂದ್ಕೊಂಡಿದ್ದೆ ಇಷ್ಟು ವರ್ಷ. ಆಡೋಕೆ ಅಂತ ಕದ್ರಾ? ಆಡೋಕೆ! ಐವತ್ತು ವರ್ಷದ ಮುದುಕ ಆಟ ಆಡಿ ಕೆಡಿಸಿದ್ದಕ್ಕೆ ನಮ್ಮಪ್ಪ ಸತ್ತ.

ಇಲ್ಲಿ ರೂಮಲ್ಲಿ ಇರೋ ನನ್ನ ಫೋಟೋ ಒಂದಕ್ಕೆ ಚೌಕಟ್ಟಿಲ್ಲ, ಆದ್ರೆ ನಿಮ್ಮ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೀನಿ. ಎದ್ದ ತಕ್ಷಣ 'ನಾನೇ ಕಣಯ್ಯ' ಅಂತ ಓದ್ತೀನಿ. ಹಲ್ಲು ಉಜ್ಜೋದು ಆಮೇಲೆ.

ಮಾತಂದ್ರೆ ಮಾತು. ಬ್ಯಾಟ್ರಿ ಕಳಿಸಿದ್ದೀನಿ. ಬೆಳ್ಳಿ, ಸತುವು ಎರಡರಲ್ಲೂ ಮಾಡಿರೋದು, ಹಡಗಿನೋರ ಕೈಯಿಂದ ತರಿಸಿದ್ದು. ಒಂದೊಂದು ಬೆಂಕಿಪೊಟ್ಟಣದಷ್ಟು, ಹದಿನೆಂಟು ಇದೆ. ಪಿಚಕಾರೀಲಿ ಕ್ಷಾರದ ನೀರು ತುಂಬಿ. ಕೈಗೆ ಬಿದ್ರೆ ಚರ್ಮ ಕಿತ್ತು ಬರುತ್ತೆ, ಅದಕ್ಕೇ ಮೊದಲೇ ಹೇಳಿದ್ದೀನಿ. ನೋಡಿ, ನಾನು ಎಷ್ಟು ಒಳ್ಳೆಯೋನು! ಸಾಲಾಗಿ ಒಂದರ ಕೆಂಪು ಇನ್ನೊಂದರ ಕಪ್ಪಿಗೆ. ಬಸ್ ಶೆಡ್ಡಲ್ಲಿ ಬ್ಯಾಟ್ರಿ ಚಾರ್ಜ್ ಮಾಡೋರ ಹತ್ರ ನಿಧಾನವಾಗಿ, ಹದಿನಾರು ಗಂಟೆ ಚಾರ್ಜ್ ಹಾಕ್ಸಿ. ಅವಸರ ಮಾಡಿದ್ರೆ ಉಬ್ಬುತ್ತೆ. ತುಂಬಿದ್ರೆ ಮೂರು ನಿಮಿಷ ಹಾರುತ್ತೆ. ಹಾರೋವಾಗ ಬ್ಯಾಟ್ರಿ ಬಿಸಿ ಆಗುತ್ತೆ, ಹೆದರ್ಬೇಡಿ.

ಕಡೇ ಪಾರ್ಸಲ್‌ಗೆ ಕಡೇ ಮಾತು. ನನ್ನ ಎಲ್ಲಿ ನಿಲ್ಲಿಸಿದ್ರೋ ಅಲ್ಲೇ, ಅದೇ ಪ್ರೇಯರ್ ಹೊತ್ತಲ್ಲಿ ನೀವು ನಿಂತ್ಕೊಂಡು "ಚನ್ನಕೇಶವ ಕಳ್ಳ ಅಲ್ಲ, ನಾನು" ಅಂತ ಹೇಳ್ಬೇಕು. ಆಮೇಲೆ ಹೊಸ ಸರ್ಟಿಫಿಕೇಟು. ನಡತೆ ಅನ್ನೋ ಕಡೆ ಏನು ಬರೀಬೇಕು ಅಂತ ನಾನು ಹೇಳಲ್ಲ. ನಿಮಗೇ ಗೊತ್ತಿರ್ಲಿ.

ಚನ್ನಕೇಶವ

*

ಗೌರಿಬಿದನೂರು
28-9-1964

ಚಿ. ಚನ್ನಕೇಶವನಿಗೆ ಅನೇಕ ಆಶೀರ್ವಾದಗಳು.

ಬ್ಯಾಟ್ರಿ ತುಂಬಿ ಮೋಟ್ರಿಗೆ ಕೊಟ್ಟೆ. ಅಬ್ಬಬ್ಬಾ! ಅಡುಗೆಮನೆ ಬೂದಿಯೆಲ್ಲಾ ಹಾರಿ ನಮ್ಮ ಮನೆಯೋಳ ತಲೆ ಮೇಲೆ ಬಿತ್ತು.

ನೀನು ಹೇಳಿದ ಕೆಲಸಾನೂ ಆಯ್ತು. ಹೋದ ಸೋಮವಾರ ಪ್ರೇಯರ್‌ನಲ್ಲಿ ಎಲ್ಲಾ ವಿದ್ಯಾರ್ಥಿಗಳ ಸಮ್ಮುಖದಲ್ಲಿ ಸತ್ಯವನ್ನು ನಿವೇದಿಸಿದೆ. ಎಲ್ಲರೂ ನಿಶ್ಶಬ್ದವಾಗಿ ಆಲಿಸಿದರು. ಹಲವರ ಕಣ್ಣುಗಳು ತೇವವಾದವು. ಸರ್ಟಿಫಿಕೇಟಿಗೆ ಹೆಡ್ ಮೇಷ್ಟ್ರ ರುಜು ಆಗ್ಬೇಕು, ಅವರು ರಜಾ ಮೇಲಿದ್ದಾರೆ, ಬಂದ ತಕ್ಷಣ ಕಳಿಸ್ತೀನಿ.

ದಿನ ಹತ್ರ ಬಂತು. ವೈರ್‌ಲೆಸ್ ಬೇಗ ಕಳಿಸು. ಪೊಲೀಸ್ ಪರ್ಮಿಷನ್ ಇನ್ಸ್‌ಪೆಕ್ಟರ್ ಸಾಹೇಬ್ರೇ ಕೊಡಿಸಿದ್ದಾರೆ.

ಕೋನಪ್ಪ

*

ಬೊಂಬಾಯಿ
20-10-1964

ಪೂಜ್ಯ ಗುರುಗಳಾದ ಕೋನಪ್ಪ ಮೇಷ್ಟ್ರಿಗೆ ಸಾಷ್ಟಾಂಗ ನಮಸ್ಕಾರ.

ನಿಮ್ಮ ಕಾಗದ ಓದಿ ಮನಸ್ಸು ಹಗುರ ಆಯ್ತು. ಸರ್ಟಿಫಿಕೇಟಿಗೇನು ಅವಸರ, ನಿಧಾನವಾಗಿ ಆಗ್ಲಿ. ತಡ ಆಗಿದ್ದಕ್ಕೆ ಕ್ಷಮಿಸ್ಬೇಕು. ಎರ್ರಪ್ಪನಿಗೆ ಒಂದು ಕಾರ್ಡು ಬರೆದಿದ್ದೆ, ಅವನ ಉತ್ತರ ಬರ್ಲಿ ಅಂತ ಕಾಯ್ತಿದ್ದೆ. ಬಂತು. ಎಲ್ಲಾ ಕ್ಷೇಮ ಅಂತೆ.

ಪಾರ್ಸಲ್‌ನಲ್ಲಿ ಎರಡು ಡಬ್ಬಿ ಇದೆ. ದೊಡ್ಡದು ನಿಮ್ಮ ಕೈಯಲ್ಲಿ ಇರೋದು. ಗುಂಡಿ ಒತ್ತಿದ್ರೆ ಬಾಲದ ಪಟ್ಟಿ ಬಲಕ್ಕೆ, ಬಿಟ್ರೆ ನೆಟ್ಟಗೆ, ಮತ್ತೆ ಒತ್ತಿದ್ರೆ ಎಡಕ್ಕೆ. ಸಣ್ಣದನ್ನ ವಿಮಾನದ ಹೊಟ್ಟೇಲಿ, ಬ್ಯಾಟ್ರಿಗೆ ಒತ್ತಿಕೊಂಡಂಗೆ ಇಡಿ. ಒತ್ತಿಕೊಂಡಂಗೇ ಇರ್ಬೇಕು. ಅದರೊಳಗೆ ರಿಲೇ ಅಂತ ಒಂದು ಕಿರುನಾಲಗೆ ಇದೆ, ನಿಮ್ಮ ಗುಂಡಿ ಮಾತು ಕೇಳಿಸ್ಕೊಂಡು ಬಾಲಕ್ಕೆ ಹೇಳೋದು ಅದೇ. ಬಹಳ ನಾಜೂಕು. ಆ ಡಬ್ಬಿ ಮಾತ್ರ ಬಿಚ್ಚಬೇಡಿ ಗುರುಗಳೇ.

ಇನ್ಸ್‌ಪೆಕ್ಟರ್ ಸಾಹೇಬ್ರು, ಆವಲಪ್ಪ ಮೇಷ್ಟ್ರು, ಎಲ್ಲರ ಮುಂದೆ ನಿಮ್ಮ ಕೀರ್ತಿ ಆಕಾಶಕ್ಕೆ ಏರ್ಲಿ ಅಂತ ಬೇಡ್ಕೋತೀನಿ.

ನಿಮ್ಮ ಶಿಷ್ಯ
ಚನ್ನಕೇಶವ

*

ಬೊಂಬಾಯಿ
14-11-1964, ಬೆಳಿಗ್ಗೆ ಹನ್ನೊಂದು

ಲೋ ಕೋನಪ್ಪ,

ಇವತ್ತಿಂದ ನೀವು ಇಲ್ಲ, ಗುರುಗಳೂ ಇಲ್ಲ. ಈ ಹೊತ್ತಿಗೆ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಗುಂಡಿ ಒತ್ತುತಾ ನಿಂತಿರ್ತೀಯ. ಒತ್ತು. ಚೆನ್ನಾಗಿ ಒತ್ತು.

ಎರ್ರಪ್ಪ ಏನು ಬರೆದಿದ್ದ ಗೊತ್ತಾ? "ಸೋಮವಾರ ಪ್ರೇಯರ್‌ನಲ್ಲಿ ಮೇಷ್ಟ್ರು ಉಗುರು ಕತ್ತರಿಸ್ಕೊಂಡು ಬನ್ನಿ ಅಂದ್ರು, ಬೇರೆ ಏನೂ ಹೇಳಲಿಲ್ಲ." ಹಲವರ ಕಣ್ಣುಗಳು ತೇವವಾದವಾ? ಯಾಕೆ, ಉಗುರು ಕತ್ತರಿಸ್ಕೊಂಡಿದ್ದಕ್ಕಾ? ನೀನು ಆ ನಾಲ್ಕು ಸಾಲು ಪುಸ್ತಕದ ಭಾಷೇಲಿ ಬರೆದಾಗಲೇ ಅನುಮಾನ ಬಂತು. ನಿಜ ಹೇಳೋವಾಗ ನೀನು ಹಂಗೆ ಬರೆಯೋನಲ್ಲ.

ಈಗ ನನ್ನ ಕೈಕೆಲಸ ಕೇಳು. ಆ ಸಣ್ಣ ಡಬ್ಬಿಯಿಂದ ಬಾಲಕ್ಕೆ ಹೋಗೋ ತಂತಿ ಇದೆಯಲ್ಲ, ಅದಕ್ಕೆ ಸೀಸದ ಬೆಸುಗೆ ಹಾಕಿಲ್ಲ. ಮೇಣ ಹಾಕಿ, ಮೇಲೆ ಬೆಳ್ಳಿ ಬಣ್ಣ ಬಳಿದಿದ್ದೀನಿ. ಪಕ್ಕದಲ್ಲೇ ಬ್ಯಾಟ್ರಿ. ಹಾರಿ ಒಂದು ನಿಮಿಷಕ್ಕೆ ಬ್ಯಾಟ್ರಿ ಕಾಯುತ್ತೆ, ಮೇಣ ಕರಗುತ್ತೆ, ತಂತಿ ಕಳಚುತ್ತೆ. ಆಮೇಲೆ ನಿನ್ನ ಗುಂಡಿಗೂ ವಿಮಾನಕ್ಕೂ ಸಂಬಂಧ ಇಲ್ಲ. ಸಾವಿರ ಜನರ ಮುಂದೆ ಡಬ್ಬಿ ಹಿಡ್ಕೊಂಡು ಹುಚ್ಚನ ಥರ ಒತ್ತುತಾ ನಿಂತಿದ್ದಾಗ ನನ್ನ ನೆನೆಸ್ಕೋ. ನಾನೂ ಹಂಗೇ ನಿಂತಿದ್ದೆ, ನನ್ನ ಮಾತೂ ಯಾರಿಗೂ ಮುಟ್ಟಲಿಲ್ಲ.

ಹೆಡ್ ಮೇಷ್ಟ್ರ ಕುರ್ಚಿ ಹೋಯ್ತಾ? ಹೋಗ್ಲಿ. ಸರ್ಟಿಫಿಕೇಟು ನೀನೇ ಇಟ್ಕೋ.

ಬಯ್ಯಪ್ಪನ ಮಗ ಚನ್ನಕೇಶವ

*

ಗೌರಿಬಿದನೂರು
15-11-1964

ಪ್ರೀತಿಯ ಚನ್ನಕೇಶವ,

ನಿನ್ನ ಕೈಗೆ ಇದು ಸೇರೋ ಹೊತ್ತಿಗೆ ಎರ್ರಪ್ಪನಾದ್ರೂ ಬರೆದಿರ್ತಾನೆ. ನಾನೇ ಮೊದಲು ಹೇಳಣ ಅಂತ ಕೂತೆ.

ಮೊದಲನೇ ವಿಷಯ, ಪ್ರೇಯರ್‌ನಲ್ಲಿ ಹೇಳ್ದೆ ಅಂತ ಬರೆದಿದ್ದು ಸುಳ್ಳು. ಹೇಳಣ ಅಂತಲೇ ನಿಂತೆ. ಮುಂದಿನ ಸಾಲಿನ ಹುಡುಗರ ಮುಖ ನೋಡ್ದೆ, ಉಗುರು ಅಂತ ಏನೋ ಬಂತು ಬಾಯಲ್ಲಿ. ಆಮೇಲೆ ತಿಂಗಳು ಪೂರ್ತಿ ಊಟ ಸೇರ್ಲಿಲ್ಲ. ಅದಕ್ಕೇ ಒಂದು ತೀರ್ಮಾನ ಮಾಡ್ದೆ. ನಿನ್ನೆ ಬೆಳಗಿನ ರೈಲಿಗೆ ಹೋಗಿ ತೊಂಡೇಬಾವಿಯಿಂದ ನಿಮ್ಮಮ್ಮನ್ನ ಕರ್ಕೊಂಡು ಬಂದೆ. ಇಲ್ಲಿಂದ ಬಸ್ಸಲ್ಲಿ ಚಿಕ್ಕಬಳ್ಳಾಪುರ. ಇನ್ಸ್‌ಪೆಕ್ಟರ್ ಸಾಹೇಬ್ರ ಪಕ್ಕದ ಕುರ್ಚೀಲಿ ಕೂರಿಸ್ದೆ. ನೆಲದ ಮೇಲೆ ಕೂತ್ಕೋತೀನಿ ಅಂತಾರೆ, ಬಿಡಲಿಲ್ಲ. ಮೈಕ್ ತಗೊಂಡೆ.

"ಈ ವಿಮಾನ ಮಾಡಿದೋನು ನನ್ನ ಶಿಷ್ಯ ಚನ್ನಕೇಶವ. ನಾಲ್ಕು ವರ್ಷದ ಹಿಂದೆ ನಾನು ಇವನ್ನ ಕಳ್ಳ ಅಂದೆ. ಇವನು ಕದ್ದಿರ್ಲಿಲ್ಲ, ಆ ಸಾಮಾನು ನಾನೇ ಮನೆಗೆ ತಗೊಂಡು ಹೋಗಿದ್ದೆ. ಇವರು ಅವನ ತಾಯಿ" ಅಂದೆ. ಅಷ್ಟೇ ಅಂದಿದ್ದು. ಆವಲಪ್ಪ ಬಾಯಿ ತೆಗೆದೋನು ತೆಗೆದಂಗೇ ಇದ್ದ. ನಿಮ್ಮಮ್ಮ ಎದ್ದು ನಿಂತು ಜನಕ್ಕೆಲ್ಲಾ ಕೈ ಮುಗಿದ್ರು, ಯಾಕೆ ಅಂತ ನನಗೂ ಗೊತ್ತಾಗ್ಲಿಲ್ಲ.

ಹಾರಿಸೋಕೆ ಮುಂಚೆ ನೀನು ಬೇಡ ಅಂದಿದ್ರೂ ಸಣ್ಣ ಡಬ್ಬಿ ಬಿಚ್ಚಿದ್ದೆ, ಬಯ್ಯಬೇಡ. ಹಿಂದಿನ ದಿನವೇ ಮನೇಲಿ ಒಂದು ಸಲ ಬಿಚ್ಚಿ ನೋಡಿದ್ದೆ. ಬಾಲದ ತಂತಿ ಬೆಸುಗೆ ಮೇಣದಂಗೆ ಕಾಣ್ತು. ಅಲ್ಲಿ ಸೀಸ ಮುಗಿದಿತ್ತೇನೋ, ಪಾಪ, ರಾತ್ರಿಯೆಲ್ಲಾ ಕೂತು ಮಾಡಿರ್ತಾನೆ ಅಂದ್ಕೊಂಡು ಒಲೇಲಿ ಕಬ್ಬಿಣ ಕಾಯಿಸಿ ನಾನೇ ಬೆಸುಗೆ ಹಾಕ್ದೆ. ಯಾರಿಗೂ ಹೇಳಿಲ್ಲ, ನಿನ್ನ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದು ಅಂತ.

ಮೈದಾನದಲ್ಲಿ ಮತ್ತೆ ಬಿಚ್ಚಿದ್ದು ನಿಮ್ಮಮ್ಮನಿಗೆ ತೋರಿಸೋಕೆ. "ಇದರ ಜೀವ ಎಲ್ಲಿದೆ ಸ್ವಾಮಿ?" ಅಂದ್ರು. ಇಲ್ಲಿ ಕಣಮ್ಮ, ನಿಮ್ಮ ಮಗನ ಕೈ ಆಡಿರೋದು ಇಲ್ಲೇ ಅಂತ ಮುಚ್ಚಳ ತೆಗೆದು ತೋರಿಸ್ದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಾಹೇಬ್ರು ಕರೆದ್ರು, ಆ ಕಡೆ ತಿರುಗಿದೆ. ಇವರು ಸೆರಗಿನ ಗಂಟಲ್ಲಿ ತಂದಿದ್ದ ವಿಭೂತಿ ನೀರಲ್ಲಿ ಕಲಸಿ ಡಬ್ಬಿ ಒಳಗೇ ಮೂರು ಬೆರಳು ಎಳೆದಿದ್ದಾರೆ. ಚಕ್ರಕ್ಕೆ ನಿಂಬೆಹಣ್ಣು ಇಡ್ತಾರಲ್ಲ, ಯಂತ್ರಕ್ಕೆ ಪೂಜೆ ಮಾಡ್ತಾರಲ್ಲ, ಹಂಗೆ. ಜೀವ ಇರೋ ಕಡೆಗೇ ಹಚ್ಚಿದ್ದಾರೆ. ನಾನು ಒಳಗೆ ನೋಡದೇನೇ ಮುಚ್ಚಳ ಹಾಕಿಬಿಟ್ಟೆ.

ಎದ್ದಿತು ಕಣೋ! ಎಂಥಾ ಚೆನ್ನಾಗಿ ಎದ್ದಿತು! ಶಬ್ದ ಇಲ್ಲ, ಹೊಗೆ ಇಲ್ಲ, ರೇಷ್ಮೆ ಒಳಗಿಂದ ಬಿಸಿಲು ಕಾಣ್ತಿತ್ತು. ನಿಮ್ಮಮ್ಮ ಚಪ್ಪಾಳೆ ಹೊಡೆದ್ರು. ಗುಂಡಿ ಒತ್ತಿದೆ, ತಿರುಗಲಿಲ್ಲ. ಹತ್ತು ಸಲ ಒತ್ತಿದೆ. ನೆಟ್ಟಗೆ ಹೋಗ್ತಾನೇ ಇತ್ತು. ಹಿಂಗೇ ಹೋಗೋದು ಅಂದ್ಕೊಂಡು ಜನ ಕೈ ಬೀಸಿದ್ರು. ಆವಲಪ್ಪ ಮೈಕ್ ಕಿತ್ಕೊಂಡು "ವಾಪಸ್ ಬರೋದು ಯಾವಾಗ ಮೇಷ್ಟ್ರೇ, ಸಾಯಂಕಾಲದ ಬಸ್ಸಿಗಾ?" ಅಂದ. ಆಗ ನಗು ಶುರುವಾಯ್ತು. ಕಂದವಾರ ಕೆರೆ ಆಚೆ ರಾಗಿ ಹೊಲದಲ್ಲಿ ಬಿತ್ತು.

ಡಬ್ಬಿ ಒಡೆದಿರ್ಲಿಲ್ಲ. ಬಿಚ್ಚಿ ನೋಡ್ದೆ. ನನ್ನ ಬೆಸುಗೆ ಹಂಗೇ ಇತ್ತು. ಆ ರಿಲೇ ನಾಲಗೆ ಕೆಳಗೆ ವಿಭೂತಿ ಒಣಗಿ ಗಾರೆ ಥರ ಕೂತಿತ್ತು, ನಾಲಗೆ ಅಲ್ಲಾಡೋಕೆ ಜಾಗ ಇಲ್ಲ. ಯಂತ್ರದ್ದು ತಪ್ಪಿಲ್ಲ, ನಾನೇ ವಿಭೂತಿ ಹಚ್ಚಿ ಕೆಡಿಸ್ದೆ ಅಂತ ಸಾಹೇಬ್ರಿಗೆ ಹೇಳಿದ್ದೀನಿ. "ಸೈನ್ಸ್ ಮೇಷ್ಟ್ರಾ ನೀವು?" ಅಂದ್ರು. ಆ ಕುರ್ಚಿ ಇನ್ನು ಬರಲ್ಲ ಬಿಡು. ನಿಮ್ಮಮ್ಮನಿಗೆ ನಿಜ ಗೊತ್ತಿಲ್ಲ, ಗಾಳಿ ಜಾಸ್ತಿ ಆಯ್ತು ಅಂದಿದ್ದೀನಿ. ನೀನೂ ಹಂಗೇ ಅನ್ನು.

ಇದರ ಜೊತೆ ಸರ್ಟಿಫಿಕೇಟು ಇದೆ, ಹೆಡ್ ಮೇಷ್ಟ್ರ ರುಜು ಸಮೇತ. ನಡತೆ ಅನ್ನೋ ಕಡೆ ಓದ್ಕೋ.

ಕೋನಪ್ಪ

*

ಬೊಂಬಾಯಿ
19-11-1964

ಮೇಷ್ಟ್ರೇ,

ಹದಿನಾಲ್ಕನೇ ತಾರೀಖು ಹಾಕಿರೋ ನನ್ನ ಕಾಗದ ಒಂದು ಬರುತ್ತೆ. ಒಡೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಡೀದೆ ಒಲೆಗೆ ಹಾಕಿ. ಎರ್ರಪ್ಪನಿಗೆ ಟೆಲಿಗ್ರಾಂ ಕೊಟ್ಟಿದ್ದೀನಿ, ಪೋಸ್ಟಾಫೀಸಲ್ಲೇ ತಡೆದು ಇಸ್ಕೋ ಅಂತ. ಇಷ್ಟು ಹೊತ್ತಿಗೆ ಬಂದಿರುತ್ತೆ ಅಂತ ಗೊತ್ತು, ಆದ್ರೂ ಬರೀತಿದ್ದೀನಿ.

ನೀವು ಮೊದಲೇ ಹೇಳ್ಬೇಕಿತ್ತು ಮೇಷ್ಟ್ರೇ. ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅಂತ ಒಂದು ಕಾರ್ಡು, ಒಂದೇ ಒಂದು ಕಾರ್ಡು ಹಾಕ್ಬೇಕಿತ್ತು.

'ಅತ್ಯುತ್ತಮ' ಅಂತ ಬರೆದಿದ್ದೀರಿ. ಅದನ್ನ ಕೈಯಲ್ಲಿ ಹಿಡ್ಕೊಂಡೇ ಕೂತಿದ್ದೀನಿ.

ಚನ್ನಕೇಶವ

*

ಗೌರಿಬಿದನೂರು
26-11-1964

ಚನ್ನಕೇಶವ,

ನಿನ್ನ ಹದಿನಾಲ್ಕನೇ ತಾರೀಖಿನ ಕಾಗದ ಹದಿನೆಂಟಕ್ಕೇ ಬಂತು. ಎರ್ರಪ್ಪ ಮಾರನೇ ದಿನ ಟೆಲಿಗ್ರಾಂ ಹಿಡ್ಕೊಂಡು ಓಡಿ ಬಂದ, ಪಾಪ.

ಅದು ಬಂದಾಗ ನಿಮ್ಮಮ್ಮ ನಮ್ಮ ಮನೇಲೇ ಇದ್ರು. ಅವರೆಕಾಯಿ ತಂದಿದ್ರು. ಬೊಂಬಾಯಿ ಮುದ್ರೆ ನೋಡಿ "ನಮ್ಮೋನ್ದಾ? ಜೋರಾಗಿ ಓದಿ ಸ್ವಾಮಿ" ಅಂದ್ರು. ಒಡೆದೆ. ಎದುರಿಗೇ ಕೂತು ನನ್ನ ಬಾಯಿ ನೋಡ್ತಿದ್ರು. ಮೊದಲನೇ ಎರಡು ಪದ ನಾನು ಮನಸ್ಸಲ್ಲೇ ಓದ್ಕೊಂಡೆ.

ಆಮೇಲೆ ಓದ್ದೆ. ಪುಸ್ತಕದ ಭಾಷೆ ಹಾಕಲಿಲ್ಲ, ನೀನು ಮಾತಾಡೋ ಹಂಗೇ ಓದ್ದೆ. "ಅಮ್ಮಾ, ವಿಮಾನ ಬಿದ್ರೆ ಬೀಳ್ಲಿ, ನೀನು ಕುರ್ಚೀಲಿ ಕೂತಿದ್ಯಂತಲ್ಲ, ನನಗದೇ ಸಾಕು. ಮೇಷ್ಟ್ರ ಮೇಲೆ ನನಗೆ ಈಗ ಏನೂ ಇಲ್ಲ. ಸಂಕ್ರಾಂತಿಗೆ ಬರ್ತೀನಿ, ಇನ್ನೊಂದು ವಿಮಾನ ತರ್ತೀನಿ, ನಮ್ಮ ಹೊಲದ ಮೇಲೇ ಹಾರಿಸಿ ತೋರಿಸ್ತೀನಿ" ಅಂತ. ಹದಿನಾಲ್ಕನೇ ತಾರೀಖು ಬರೆದೋನಿಗೆ ವಿಮಾನ ಬಿದ್ದಿದ್ದು ಹೆಂಗೆ ಗೊತ್ತಾಯ್ತು ಅಂತ ಅವರು ಕೇಳಲಿಲ್ಲ. ಕಾಗದ ಇಸ್ಕೊಂಡು ಕಣ್ಣಿಗೆ ಒತ್ಕೊಂಡ್ರು. 'ಲೋ ಕೋನಪ್ಪ' ಅನ್ನೋ ಕಡೆಗೇ ಒತ್ಕೊಂಡ್ರು.

ನಿನ್ನ ಮೇಣದಿಂದ ನನಗೇನೂ ಆಗಿರ್ಲಿಲ್ಲ ಕಣಯ್ಯ. ಅದನ್ನ ನಾನು ಹಿಂದಿನ ದಿನವೇ ಸರಿ ಮಾಡಿದ್ದೆ. ನೀನು ಸುಮ್ಮನಿದ್ದಿದ್ರೆ ಸಾಯೋವರೆಗೂ ನಿನಗೆ ಸೀಸ ಮುಗಿದಿತ್ತು ಅಂತಲೇ ಅಂದ್ಕೊಂಡಿರ್ತಿದ್ದೆ.

ಆ ಸರ್ಟಿಫಿಕೇಟು ವಾಪಸ್ ಕೇಳಲ್ಲ. ಬರೆದಿದ್ದನ್ನ ಅಳಿಸೋದೂ ಇಲ್ಲ. ಅದನ್ನ ತಗೊಂಡು ಟ್ರೈನಿಂಗಿಗೆ ಹೋಗು. ಯಾರ ಕೈಗಾದ್ರೂ ಕೊಡೋವಾಗ ಮೊದಲು ನೀನೊಂದು ಸಲ ಓದಿ ಕೊಡು.

ನೀನು ಮೂರು ಪಾರ್ಸಲ್‌ಗೆ ಮೂರು ಕೆಲಸ ಮಾಡಿಸ್ಕೊಂಡೆ. ನನ್ನದೂ ಒಂದಿದೆ. ನಾನು ಓದಿದ ಕಾಗದ ನೀನು ಬರೆದಿಲ್ಲ, ಆದ್ರೆ ಅದರಲ್ಲಿ ಇರೋದನ್ನೆಲ್ಲಾ ನೀನು ಮಾಡ್ಬೇಕು. ಸಂಕ್ರಾಂತಿಗೆ ಬರ್ಬೇಕು. ವಿಮಾನ ತರ್ಬೇಕು. ಅವರ ಹೊಲದ ಮೇಲೆ ಹಾರಿಸ್ಬೇಕು. ಬೆಂಡು, ಬಿದಿರು, ರೇಷ್ಮೆ ನಾನು ಸಿದ್ಧ ಮಾಡಿ ಇಟ್ಟಿರ್ತೀನಿ. ಅವರು ವಿಭೂತಿ ಹಚ್ಚೋಕೆ ಬಂದ್ರೆ ಬೇಡ ಅನ್ನಕೂಡದು, ಹಚ್ಚೋಕೆ ಬೇರೆ ಜಾಗ ತೋರಿಸ್ಬೇಕು. ನನ್ನ ಮುಖ ನೋಡಿ ನಗ್ಬೇಕು, ಅವರು ನೋಡ್ತಿರ್ತಾರೆ.

ನಿನ್ನ ಆ ಕಾಗದ ಒಲೆಗೆ ಹಾಕಿಲ್ಲ. ಪೆಟ್ಟಿಗೇಲಿಟ್ಟು ಬೀಗ ಹಾಕಿದ್ದೀನಿ. ನೀನು ಬರೋವರೆಗೂ ಇರುತ್ತೆ.

ಕೋನಪ್ಪ